ಬೋಳುಬಂಡೆಯ ಮೌನ ಪರಂಪರೆ

ವನಗೂರು ಬದಿಯ ಬೋಳುಬಂಡೆ ಗುಡ್ಡದ ನೆತ್ತಿಯಲ್ಲಿ ಮಾತಾಡದ ಅಜ್ಜಯ್ಯ ಎಂಬ ಮಹಾಪುರುಷರು ವರ್ಷಗಟ್ಟಲೆ ತುಟಿ ಬಿಚ್ಚದೆ ಕೂತಿದ್ದು, ಸಮಸ್ತ ವೇದಾಂತವನ್ನೂ ಯಸಳೂರಿನ ಗುಂಡಯ್ಯನೊಬ್ಬನಿಗೇ ಕಲಿಸಿ, ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೊರಟುಹೋದರು. ಇದನ್ನು ಕಣ್ಣಾರೆ ಕಂಡವರು ಮೂವರಿದ್ದರು. ಒಬ್ಬನಿಗೆ ಹಾವು ಕಚ್ಚಿತು, ಒಬ್ಬನನ್ನು ಹೇಮಾವತಿ ಹೊಳೆ ಎಳೆದುಕೊಂಡಿತು, ಮೂರನೆಯವನು ವಯಸ್ಸಾಗಿ ತನ್ನ ಪಾಡಿಗೆ ತಾನು ಸತ್ತ. ಆದಕಾರಣ ಇದು ನಿಜ.

ಹೀಗೆಂದು ಗುಂಡಯ್ಯ ಯಸಳೂರು ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಬಸಮ್ಮನ ಹೋಟೆಲಿನಲ್ಲಿ, ಗೋಡೆಗೆ ಆನಿಸಿದ ಬೆಂಚಿನ ಮೇಲೆ ಕೂತು, ಸಕಲೇಶಪುರದ ಬಸ್ಸಿಗೆ ಕಾಯುವ ಜನಕ್ಕೆ ಹೇಳುತ್ತಿದ್ದ. ಬಸ್ಸು ತಡವಾದ ದಿನ ಇದರ ಹಿಂದೆಯೇ ಆನೆಯ ಕತೆಯೂ ಬರುತ್ತಿತ್ತು. ಬಸ್ಸೇ ಬರದ ದಿನ ಜನ ಬೇಜಾರಾಗದೆ ಮನೆಗೆ ಹೋಗುತ್ತಿದ್ದರು.

ಗುಂಡಯ್ಯ ಓದಿದವನಲ್ಲ. ಶಾಲೆ ಹತ್ತಿದ್ದೇನೋ ಹತ್ತಿದ್ದ, ಆದರೆ ಹೆಂಚು ಹೊದಿಸುವುದಕ್ಕೆ. ಹಾಗಂತ ಅವನಿಗೆ ಗೊತ್ತಿಲ್ಲದ ವಿಷಯ ಹೋಬಳಿಯಲ್ಲಿ ಇರಲಿಲ್ಲ. ಗೊತ್ತಿಲ್ಲದ್ದು ಎದುರಾದರೆ ಹೇಳುತ್ತಾ ಹೇಳುತ್ತಾ ಗೊತ್ತಾಗಿಬಿಡುತ್ತಿತ್ತು. ಅವನ ಮಾತನ್ನು ನಂಬುವವರು ಯಾರೂ ಇರಲಿಲ್ಲ, ಕೇಳುವವರಿಗೆ ಕೊರತೆಯೂ ಇರಲಿಲ್ಲ. ಗುಂಡಯ್ಯನಿಗೆ ಎರಡನೆಯದೇ ಸಾಕಾಗಿತ್ತು. ಒಂದು ಹೊತ್ತು ಊಟ ಇಲ್ಲದಿದ್ದರೆ ನಡೆದೀತು, ಎದುರಿಗೆ ಎರಡು ಕಿವಿ ಇಲ್ಲದಿದ್ದರೆ ಅವನ ಹೊಟ್ಟೆ ಉಬ್ಬರಿಸುತ್ತಿತ್ತು.

ಹೀಗಿರಲಾಗಿ ಬ್ರೆಜಿಲ್ ಎಂಬ ದೇಶದಲ್ಲಿ ಹಿಮ ಬಿದ್ದು ಅಲ್ಲಿಯ ಕಾಫಿ ಸುಟ್ಟುಹೋಯಿತು. ಅದರ ಪರಿಣಾಮವಾಗಿ ಯಸಳೂರು ಹೋಬಳಿಯಲ್ಲಿ ವೇದಾಂತದ ಅಗತ್ಯ ಕಂಡುಬಂತು.

ಅದು ಹೇಗೆಂದರೆ, ನಮ್ಮ ಕಾಫಿಗೆ ಯಾರೂ ಕನಸಲ್ಲೂ ಕಾಣದ ರೇಟು ಬಂತು. ಬೆಳೆಗಾರರು ಮೊದಲು ಜೀಪು ಬದಲಾಯಿಸಿದರು, ಆಮೇಲೆ ಮನೆಯ ನೆಲ ಬದಲಾಯಿಸಿದರು, ಬದಲಾಯಿಸಲು ಇನ್ನೇನೂ ಸಿಗದಿದ್ದಾಗ ಗಮನ ಆತ್ಮದ ಕಡೆ ಹರಿಯಿತು. ಹೆಗ್ಗದ್ದೆಯ ಎಸ್ಟೇಟ್ ಮಾಲೀಕ ದೇವೇಂದ್ರಗೌಡರ ಅಧ್ಯಕ್ಷತೆಯಲ್ಲಿ ‘ಯಸಳೂರು ಹೋಬಳಿ ವೇದಾಂತ ಪ್ರಸಾರ ಸಮಿತಿ’ ಸ್ಥಾಪನೆಯಾಯಿತು. ಅವರ ಎಸ್ಟೇಟಿನಲ್ಲಿ ರೈಟರ್ ಆಗಿದ್ದು, ಆಳುಗಳ ಹಾಜರಿ ಬರೆದು ಬರೆದು ಕೈ ಪಳಗಿದ್ದ ಮಂಜುನಾಥ್ ಕಾರ್ಯದರ್ಶಿಯಾದ. ಬಯಲುಸೀಮೆಯಿಂದ ಒಬ್ಬ ಪಂಡಿತರನ್ನು ಕರೆಸಿ, ಕಾಫಿ ಸ್ಟೋರಿನಲ್ಲಿ ಮೂಟೆಗಳನ್ನು ಒಂದು ಪಕ್ಕಕ್ಕೆ ಸರಿಸಿ, ಉಪನ್ಯಾಸ ಏರ್ಪಡಿಸಲಾಯಿತು.

ಪಂಡಿತರು ಮೊದಲ ದಿನವೇ ಒಂದು ತೊಡಕು ತೆಗೆದರು.

“ವೇದಾಂತ ಪುಸ್ತಕ ಓದಿ ಬರುವಂಥದ್ದಲ್ಲ. ಗುರುವಿನಿಂದ ಶಿಷ್ಯನಿಗೆ, ಆ ಶಿಷ್ಯನಿಂದ ಅವನ ಶಿಷ್ಯನಿಗೆ, ಹೀಗೆ ಎಲ್ಲೂ ಕಡಿಯದೆ ಇಳಿದು ಬರಬೇಕು. ತಮ್ಮ ಸೀಮೆಯಲ್ಲಿ ಅಂಥ ಗುರುಪರಂಪರೆ ಯಾವುದಿದೆ?”

ಬೆಳೆಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ದೇವೇಂದ್ರಗೌಡರು ಎದ್ದು ನಿಂತು ವಿಷಯವನ್ನು ಸರಳಗೊಳಿಸಿದರು.

“ಬೀಜದ ವಿಚಾರ ಕಣ್ರಯ್ಯ ಅವರು ಹೇಳ್ತಿರೋದು. ಯಾವ ತಾಯಿಗಿಡದ ಬೀಜ ಅಂತ ಕೇಳ್ದೆ ಯಾರಾದ್ರೂ ನರ್ಸರಿ ಮಾಡ್ತೀರಾ? ಸಂತೇಲಿ ಸಿಕ್ಕಿದ್ದು ತಂದು ಹಾಕಿದ್ರೆ ಗಿಡ ಬರ್ತೈತೆ, ಎಲೆ ಬರ್ತೈತೆ, ಹಣ್ಣು ಬರಲ್ಲ. ವೇದಾಂತಾನೂ ಹಂಗೇ.”

ಸಭೆಗೆ ತಟ್ಟನೆ ಅರ್ಥವಾಯಿತು. ಪಂಡಿತರಿಗೆ ಅರ್ಥವಾಗಲಿಲ್ಲ, ಆದರೆ ಎಲ್ಲರೂ ತಲೆದೂಗುವುದನ್ನು ಕಂಡು ಅವರೂ ತಲೆದೂಗಿದರು. ‘ಹೊರಗಿನ ಬೀಜ ನಮ್ಮ ಮಣ್ಣಿಗೆ ಒಗ್ಗುವ ಖಾತರಿ ಇಲ್ಲವಾದ ಕಾರಣ, ಸ್ಥಳೀಯ ತಾಯಿಗಿಡವನ್ನು ಪತ್ತೆ ಹಚ್ಚತಕ್ಕದ್ದು’ ಎಂದು ಮಂಜುನಾಥ್ ಠರಾವು ಬರೆದ.

ಗೌಡರ ಈ ಆಸಕ್ತಿಗೆ ಇನ್ನೊಂದು ಕಾರಣವಿತ್ತು, ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಬೋಳುಬಂಡೆ ಗುಡ್ಡ ಸರ್ಕಾರದ್ದು. ಅದರ ಬುಡದಿಂದ ಸೊಂಟದವರೆಗೆ ಗೌಡರ ಏಲಕ್ಕಿ ತಾನಾಗಿಯೇ ಹತ್ತಿಕೊಂಡು ಹೋಗಿತ್ತು. ಏಲಕ್ಕಿ ಹೋದ ಕಡೆಗೆ ಬೇಲಿಯೂ ಹೋಗಬೇಕಾದದ್ದು ನ್ಯಾಯ, ಹೋಗಿತ್ತು. ನೆತ್ತಿ ಮಾತ್ರ ಬಾಕಿ ಇತ್ತು. ಹಾಸನದ ಕಂದಾಯ ಕಚೇರಿಯ ಸಾಹೇಬರೊಬ್ಬರು ಗೌಡರ ಮನೆಯಲ್ಲಿ ಊಟ ಮಾಡುತ್ತಾ, “ನಿಮ್ಮ ಹೆಸರಿಗೆ ಅಂದ್ರೆ ಕಷ್ಟ. ಅಲ್ಲೊಂದು ಗುರುಪೀಠ ಇದ್ದು, ಪರಂಪರೆ ಇನ್ನೂ ನಡೀತಾ ಇದೆ ಅಂತಾದ್ರೆ ನೋಡಬಹುದು. ಕಡಿದು ಹೋಗಿರಬಾರದು, ಜೀವಂತ ಇರಬೇಕು,” ಎಂದು ದಾರಿ ತೋರಿಸಿದ್ದರು.

ಪೀಠವಿಲ್ಲ, ಗುರುವಿಲ್ಲ, ಗುಡ್ಡ ಮಾತ್ರ ಇದೆ. ಹೀಗಿದ್ದಾಗ ಗೌಡರಿಗೆ ಗುಂಡಯ್ಯನ ನೆನಪಾಯಿತು.

ಸಮಿತಿ ಜೀಪಿನಲ್ಲಿ ಬಂದು ಬಸಮ್ಮನ ಹೋಟೆಲಿನ ಮುಂದೆ ಇಳಿದಾಗ ಗುಂಡಯ್ಯ ಆನೆಯ ಕತೆಯಲ್ಲಿದ್ದ.

“ಗುಂಡಯ್ಯ, ಅದು ಹಂಗಿರ್ಲಿ. ಆ ಅಜ್ಜಯ್ಯನ ಕತೆ ಹೇಳು ಮಾರಾಯ,” ಎಂದರು ಗೌಡರು.

“ಕತೆ ಅಲ್ಲ ಗೌಡ್ರೆ, ನಡೆದದ್ದು.”

“ಅದೇ ಕಣೋ, ನಡೆದದ್ದೇ ಹೇಳು.”

ಗುಂಡಯ್ಯ ಹೇಳಿದ. ಗೌಡರು ಬಂದು ಕೇಳುತ್ತಿದ್ದಾರೆಂಬ ಹುರುಪಿಗೆ ಅಜ್ಜಯ್ಯನ ಗಡ್ಡ ಎಂದಿಗಿಂತ ಉದ್ದವಾಗಿ ಬಂಡೆಯಿಂದ ಕೆಳಗೆ ಇಳಿಬಿತ್ತು. ಹುಲಿ ಬಂದು ಕಾಲ ಬುಡದಲ್ಲಿ ಮಲಗಿತು. ಎಲ್ಲ ಮುಗಿದ ಮೇಲೆ ಪಂಡಿತರು ಗಂಟಲು ಸರಿಮಾಡಿಕೊಂಡು ಕೇಳಿದರು:

“ಅವರು ನಿನಗೆ ಏನೆಂದು ಉಪದೇಶ ಮಾಡಿದರು?”

ಗುಂಡಯ್ಯನ ಆಯುಷ್ಯದಲ್ಲಿ ಅವನ ಕತೆಗೆ ಯಾರೂ ಮರುಪ್ರಶ್ನೆ ಹಾಕಿರಲಿಲ್ಲ. ಆ ಭಾಗವನ್ನು ಅವನು ತಯಾರು ಮಾಡಿರಲಿಲ್ಲ. ಲೋಟದ ತಳದಲ್ಲಿದ್ದ ಟೀಯನ್ನು ನಿಧಾನಕ್ಕೆ ಕುಡಿದ.

“ಏನೂ ಹೇಳ್ಲಿಲ್ಲ ಸ್ವಾಮಿ. ಅವ್ರು ಮಾತೇ ಆಡ್ತಿರ್ಲಿಲ್ವಲ್ಲ.”

“ಏನೂ ಹೇಳದೆ ನಿನಗೆ ಹೇಗೆ ತಿಳಿಯಿತು?”

“ಹೇಳ್ದೆ ಇದ್ದಿದ್ಕೇ ತಿಳೀತು. ಹೇಳಿದ್ರೆ ನಂಗೆಲ್ಲಿ ತಿಳೀತಿತ್ತು? ನಾನು ಓದಿದೋನಾ?”

ಪಂಡಿತರ ಕಣ್ಣಲ್ಲಿ ನೀರಾಡಿತು. ಆ ದಿನ ಬಸಮ್ಮನ ಒಲೆಯಲ್ಲಿ ಹಸಿ ಸೌದೆ ಇತ್ತು. “ಮೌನದಲ್ಲಿ ಕೊಟ್ಟ ಬೋಧೆಗಿಂತ ಮೇಲಿನದು ಇನ್ನೊಂದಿಲ್ಲ. ಗೌಡರೇ, ನಿಮಗೆ ಸಿಕ್ಕಿರುವುದು ಅಂತಿಂಥ ಪರಂಪರೆಯಲ್ಲ,” ಎಂದರು.

ಬೆಳೆಗಾರರಿಗೂ ಸಮಾಧಾನವಾಯಿತು. ಮಾತಿನ ವೇದಾಂತವಾಗಿದ್ದರೆ ಓದಬೇಕಿತ್ತು, ಬಾಯಿಪಾಠ ಮಾಡಬೇಕಿತ್ತು. ಕುಯ್ಲಿನ ಸಮಯದಲ್ಲಿ ಅದಕ್ಕೆಲ್ಲ ಪುರುಸೊತ್ತು ಎಲ್ಲಿ? ಮೌನದ್ದಾದರೆ ಕೆಲಸದ ಮಧ್ಯೆಯೂ ಆಗುತ್ತದೆ.

ಆದರೂ ಸಮಿತಿ ಕಣ್ಣು ಮುಚ್ಚಿಕೊಂಡು ಏನನ್ನೂ ಒಪ್ಪಲಿಲ್ಲ. ತಾಯಿಗಿಡದ ಪರಿಶೀಲನೆಗಾಗಿ ಮಂಜುನಾಥನನ್ನು ಗುಡ್ಡಕ್ಕೆ ಕಳಿಸಲಾಯಿತು. ಅವನ ವರದಿ ಹೀಗಿತ್ತು: ‘ಖುದ್ದು ಸ್ಥಳಕ್ಕೆ ಹೋಗಿ ನೋಡಲಾಗಿ ಅಲ್ಲಿ ಒಂದು ಬಂಡೆ ಇರುತ್ತದೆ. ಬಂಡೆಯ ಮೇಲೆ ಯಾರೂ ಇರುವುದಿಲ್ಲ. ಸ್ವಾಮಿಗಳು ಹೊರಟುಹೋಗಿದ್ದಾರೆಂಬ ಗುಂಡಯ್ಯನವರ ಹೇಳಿಕೆಗೆ ಇದು ಸರಿಹೊಂದುತ್ತದೆ. ಬಹಳ ಹೊತ್ತು ಕಿವಿಗೊಟ್ಟು ಕೂತರೂ ಅಲ್ಲಿ ಯಾವ ಉಪದೇಶವೂ ಕೇಳಿಬರಲಿಲ್ಲ. ಸ್ವಾಮಿಗಳ ಬೋಧನಾ ಕ್ರಮಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.’

ವರದಿ ಅಂಗೀಕಾರವಾಯಿತು. ಗುಂಡಯ್ಯ ಗುರುವಾದ.

ಸ್ಟೋರಿನ ಮುಂದಿನ ಕಣದಲ್ಲಿ ಶಾಮಿಯಾನ ಹಾಕಿ, ಅವನಿಗೆ ಶಾಲು ಹೊದಿಸಿ, ಕೈ ಇರುವ ಕುರ್ಚಿಯಲ್ಲಿ ಕೂರಿಸಿದರು. ಗುಂಡಯ್ಯನಿಗೆ ಎದೆ ತುಂಬಿ ಬಂತು. ಆ ಕಡೆ ಈ ಕಡೆ ನೋಡಿದ: ಕಣದ ತುಂಬ ಕಿವಿಗಳು. ಬಸ್ಸಿಗೆ ಹೋಗುವ ಅವಸರದವು ಒಂದೂ ಇಲ್ಲ. ಇಷ್ಟೊಂದು ಜನ ಸಿಕ್ಕಿದ್ದಕ್ಕೆ ಯಾವುದರಿಂದ ಶುರು ಮಾಡಲಿ, ಆನೆಯಿಂದಲೋ ಹುಲಿಯಿಂದಲೋ ಎಂದು ಲೆಕ್ಕ ಹಾಕಿ, ಎದ್ದು ನಿಂತು, “ಒಂದು ಸಲ ಏನಾಯ್ತಪ್ಪಾ ಅಂದ್ರೆ…” ಎಂದ.

ಮಂಜುನಾಥ್ ಓಡಿ ಬಂದು ಅವನ ಹೆಗಲು ಹಿಡಿದು ಕೂರಿಸಿದ.

“ಮಾತಾಡಬಾರ್ದು ಗುರುಗಳೇ.”

“ಯಾಕ್ಲಾ?”

“ನಮ್ದು ಮೌನ ಪರಂಪರೆ. ನೀವು ಮಾತಾಡಿದ್ರೆ ತಳಿ ಕೆಟ್ಟೋಗ್ತೈತೆ.”

“ಇವತ್ತೊಂದಿನಾನಾ?”

“ಇವತ್ತಿಂದ.”

ಮರುದಿನ ಬಸ್‌ಸ್ಟ್ಯಾಂಡಿನಲ್ಲೂ ಬಸಮ್ಮನ ಹೋಟೆಲಿನ ಬಾಗಿಲಲ್ಲೂ ಒಂದು ಪ್ರಕಟಣೆ ಅಂಟಿಸಲಾಯಿತು. ‘ಸಾರ್ವಜನಿಕರ ಗಮನಕ್ಕೆ: ಶ್ರೀ ಗುಂಡಯ್ಯನವರು ಅವಿಚ್ಛಿನ್ನ ಮೌನ ಗುರುಪರಂಪರೆಯ ಹಾಲಿ ಗುರುಗಳೆಂದು ಘೋಷಿತರಾಗಿರುವುದರಿಂದ ಸದರಿಯವರು ಇನ್ನು ಮುಂದೆ ಮಾತಾಡುವುದಿಲ್ಲ. ಅವರು ಮಾತಾಡಿದಂತೆ ಕಂಡುಬಂದಲ್ಲಿ ಸಾರ್ವಜನಿಕರು ಗಾಬರಿಯಾಗದೆ, ಅದನ್ನು ಮಾತೆಂದು ಪರಿಗಣಿಸದೆ ಸಹಕರಿಸಬೇಕಾಗಿ ವಿನಂತಿ. ಗುರುಗಳಿಗೆ ಕತೆ ಹೇಳುವಂತೆ ಒತ್ತಾಯಿಸುವುದು, ‘ಆಮೇಲೆ?’ ಎಂದು ಕೇಳುವುದು ಮತ್ತು ಹೂಂಗುಟ್ಟುವುದನ್ನು ನಿಷೇಧಿಸಲಾಗಿದೆ.’

ಮೊದಮೊದಲು ಜನಕ್ಕೆ ಇದು ಕಷ್ಟವಾಯಿತು. ಗುಂಡಯ್ಯ ಸುಮ್ಮನಿರುವವನೇ ಅಲ್ಲ. ಮುಂದಿನ ಉಪನ್ಯಾಸದಲ್ಲಿ ಒಬ್ಬ ಜೀಪು ಡ್ರೈವರ್ ಎದ್ದು, “ಪಂಡಿತ್ರೇ, ಗುರುಗಳು ನಿನ್ನೆ ನನ್ನ ಹತ್ರ ಬೀಡಿ ಕೇಳಿದ್ರು. ನಂಗೆ ಚೆನ್ನಾಗಿ ಕೇಳ್ಸ್ತು. ಇದರ ಅರ್ಥ ಏನು?” ಎಂದ.

ಪಂಡಿತರು ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟರು. “ಗುರುಗಳು ಸದಾ ಮೌನವಾಗಿಯೇ ಇದ್ದಾರೆ. ಯಾರಿಗೆ ಅವರ ಮಾತು ಕೇಳಿಸುತ್ತದೋ ಅವರೊಳಗೆ ಅಜ್ಞಾನ ಉಳಿದಿದೆ ಎಂದರ್ಥ. ಪಕ್ವವಾದವರಿಗೆ ಮೌನವೇ ಕೇಳಿಸುತ್ತದೆ.”

ಡ್ರೈವರ್ ಕಿವಿಗೆ ಬೆರಳು ಹಾಕಿ ಆಡಿಸಿ, “ಈಗ ನೆನಪು ಮಾಡ್ಕೊಂಡ್ರೆ ಏನೂ ಕೇಳಿಸ್ದಂಗಿಲ್ಲ,” ಎಂದು ಕೂತುಬಿಟ್ಟ. ಆ ವಾರ ಕಳೆಯುವುದರೊಳಗೆ ಯಸಳೂರು ಹೋಬಳಿಯಲ್ಲಿ ಅಜ್ಞಾನಿ ಎಂಬುವವನು ಹುಡುಕಿದರೂ ಸಿಗದಂತಾಯಿತು.

ಗುಂಡಯ್ಯ ಇದನ್ನು ಮೊದಲು ತಮಾಷೆ ಎಂದುಕೊಂಡಿದ್ದ. ಹೋಟೆಲಿಗೆ ಹೋಗಿ ತನ್ನ ಬೆಂಚಿನ ಕಡೆ ನೋಡಿದರೆ ಅಲ್ಲಿ ಗಿಡ್ಡಯ್ಯ ಕೂತಿದ್ದ. ಈ ಗಿಡ್ಡಯ್ಯ ಮೆಣಸು ವ್ಯಾಪಾರಿ, ಬಹಳ ವರ್ಷದಿಂದ ಗುಂಡಯ್ಯನ ಕತೆಗಳನ್ನು ಪಕ್ಕದಲ್ಲಿ ಕೂತು ಬಾಯಿ ಬಿಟ್ಟುಕೊಂಡು ಕೇಳಿದವನು. ಈಗ ಅವನು ಹೇಳುತ್ತಿದ್ದ, ಉಳಿದವರು ಕೇಳುತ್ತಿದ್ದರು.

“ಎಡಕುಮೇರಿ ಹತ್ರ ರೈಲಿಗೆ ಅಡ್ಡ ಆನೆ ನಿಂತ್ಬುಡ್ತಲ್ಲ, ಆಗ ನಾನು ಇಂಜಿನ್ನಿಂದ ಇಳ್ದು ಹೋದೆ. ಜೇಬಲ್ಲಿ ಒಂದು ಡಬ್ಬಿ ನಶ್ಯ ಇತ್ತು. ಸೊಂಡ್ಲಿಗೆ ಊದ್ಬುಟ್ಟೆ ನೋಡು. ಆನೆ ಸೀನಿದ ಏಟಿಗೆ ರೈಲು ಅರ್ಧ ಫರ್ಲಾಂಗು ಹಿಂದಕ್ಕೋಯ್ತು.”

“ಅದು ನಂದು ಕಣ್ಲಾ!” ಎಂದು ಗುಂಡಯ್ಯ ಬಾಗಿಲಲ್ಲೇ ಕಿರುಚಿದ. “ನಶ್ಯ ಊದಿದ್ದು ನಾನು! ಮತ್ತೆ ಅರ್ಧ ಫರ್ಲಾಂಗಲ್ಲ, ದೋಣಿಗಲ್ ಸ್ಟೇಷನ್‌ವರ್ಗೂ ಹೋಯ್ತು! ಸ್ಟೇಷನ್ ಮಾಸ್ಟ್ರು ಎರಡನೇ ಸಲ ಹಸಿರು ಬಾವುಟ ತೋರಿಸ್ದ್ರು!”

ಹೋಟೆಲಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಬಸಮ್ಮ ಕೈ ಒರೆಸಿಕೊಂಡು ಬಂದು ಭಕ್ತಿಯಿಂದ, “ಗುರುಗಳು ಯಾಕೋ ಇವತ್ತು ತುಂಬ ಸುಮ್ನಿದಾರೆ. ಒಂದು ಲೋಟ ಟೀ ಕೊಡ್ಲಾ?” ಎಂದಳು.

“ಬಸಮ್ಮ, ನಿನ್ನ ಮಕ್ಕಳಾಣೆ ಮಾಡಿ ಹೇಳು, ನಿಂಗೆ ಕೇಳಿಸ್ತಾ ಇಲ್ವಾ?”

“ಸಕ್ರೆ ಒಂಚೂರು ಜಾಸ್ತಿ ಹಾಕ್ತೀನಿ,” ಎಂದಳು ಬಸಮ್ಮ, ಯಾರನ್ನೂ ನೋಡದೆ.

ಗಿಡ್ಡಯ್ಯ ಒಂದು ಕ್ಷಣ ಗುಂಡಯ್ಯನ ಕಡೆ ನೋಡಿದ. ಆಮೇಲೆ ಜನರ ಕಡೆ ತಿರುಗಿ, “ಅಲ್ಲಲ್ಲ, ದೋಣಿಗಲ್‌ವರ್ಗೂ ಹೋಯ್ತು. ಮರ್ತೇಬುಟ್ಟಿದ್ದೆ. ಸ್ಟೇಷನ್ ಮಾಸ್ಟ್ರು ಎರಡನೇ ಸಲ ಹಸಿರು ಬಾವುಟ…” ಎಂದು ಮುಂದುವರಿಸಿದ.

ಅವತ್ತು ಗುಂಡಯ್ಯ ಟೀಯನ್ನು ಅಲ್ಲೇ ಬಿಟ್ಟು ಎದ್ದ. ತಾನು ಸಾಯುವ ಮೊದಲೇ ತನ್ನ ಆನೆ, ತನ್ನ ರೈಲು, ತನ್ನ ನಶ್ಯದ ಡಬ್ಬಿ ಎಲ್ಲವೂ ಬೇರೆಯವರ ಪಾಲಾಗುತ್ತಿರುವುದನ್ನು ಕೂತು ನೋಡಬೇಕಾಗಿ ಬಂದದ್ದು ಅವನೊಬ್ಬನಿಗೇ.

ಮನೆಗೆ ಬಂದು ಹೆಂಡತಿ ಗಂಗಾಮಣಿಯ ಮುಂದೆ ಕೂತು, “ನಿಂಗಾದ್ರೂ ಕೇಳ್ಸ್ತೈತೇನೇ?” ಎಂದ.

“ಕೇಳ್ಸ್ತೈತೆ. ಮೆತ್ಗೆ ಮಾತಾಡಿ,” ಎಂದಳು ಗಂಗಾಮಣಿ. “ಬೀದೀಲಿ ಯಾರೊಬ್ರಿಗೂ ಕೇಳ್ಸಲ್ವಂತೆ. ನಂಗೊಬ್ಳಿಗೇ ಕೇಳ್ಸ್ತೈತೆ ಅಂತ ಗೊತ್ತಾದ್ರೆ ಮನೆ ಮರ್ವಾದೆ ಏನಾಗ್ಬೇಕು? ಗುರುಗಳ ಹೆಂಡ್ತೀನೇ ಅಜ್ಞಾನಿ ಅಂತಾರೆ. ನಾಳೆಯಿಂದ ನಂಗೂ ಕೇಳ್ಸಲ್ಲ, ಈಗ್ಲೇ ಹೇಳಿರ್ತೀನಿ. ಏನಾದ್ರೂ ಹೇಳೋದಿದ್ರೆ ಇವತ್ತೇ ಹೇಳ್ಬುಡಿ.”

ಹೇಳುವುದು ಬಹಳ ಇತ್ತು. ಯಾವುದನ್ನು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಅವಳು ಕೊಟ್ಟಿಗೆಗೆ ಹೊರಟುಹೋದಳು. ಮದುವೆಯಾದಂದಿನಿಂದ ಮೊದಲ ಸಲ ಆ ಮನೆಯಲ್ಲಿ ಹಸು ಮೆಲುಕು ಹಾಕುವ ಸದ್ದು ಕೇಳಿಸಿತು. ಗಂಗಾಮಣಿಯ ಮುಖದಲ್ಲಿ ಒಂದು ಕಳೆ ಬಂದಿದೆ ಎಂದು ನೆರೆಹೊರೆಯವರು ಹೇಳತೊಡಗಿದರು. ಅದು ಗುರುಪತ್ನಿಯ ತೇಜಸ್ಸು ಎಂದು ಪಂಡಿತರು ಖಚಿತಪಡಿಸಿದರು.

ಗುಂಡಯ್ಯ ಉಪಾಯ ಹುಡುಕಿದ. ಹೊತ್ತ ಹೊರೆಯನ್ನು ಇನ್ನೊಬ್ಬರ ತಲೆಗೆ ದಾಟಿಸಿದರೆ ತಾನು ಬಿಡುಗಡೆ. ಪರಂಪರೆ ಎಂದ ಮೇಲೆ ಶಿಷ್ಯ ಬೇಕೇ ಬೇಕಲ್ಲ? ಮಂಜುನಾಥನ ಮನೆಗೆ ಹೋಗಿ, ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲವೆಂದು ಕೈಸನ್ನೆ ಮಾಡಿದ: ಮೊದಲು ತನ್ನ ಎದೆ ಮುಟ್ಟಿಕೊಂಡ, ಆಮೇಲೆ ದೇವೇಂದ್ರಗೌಡರ ಮನೆಯ ಕಡೆ ಬೆರಳು ತೋರಿಸಿದ, ಆಮೇಲೆ ಎರಡೂ ಕೈ ಕೊಡವಿದ.

ಮಂಜುನಾಥನಿಗೆ ಆಶ್ಚರ್ಯವಾಯಿತು. ಸಾಹೇಬರು ಕೇಳುತ್ತಿದ್ದುದೂ ಇದನ್ನೇ. ಗುರು ಇದ್ದರೆ ಸಾಲದು, ಪರಂಪರೆ ಮುಂದಕ್ಕೆ ಹೋಗುವುದನ್ನು ತಾವು ಕಣ್ಣಾರೆ ನೋಡಬೇಕು ಎಂದಿದ್ದರು. ಗೌಡರು ಒಂದೇ ಮಾತಿಗೆ ಒಪ್ಪಿದರು. ‘ಬೋಳುಬಂಡೆ ಗುರುಪೀಠದಲ್ಲಿ ಪರಂಪರೆ ಕಸಿ ಕಟ್ಟುವ ಮಹೋತ್ಸವ, ಸರ್ವರಿಗೂ ಆದರದ ಸ್ವಾಗತ, ಮೌನೋಪದೇಶದ ನಂತರ ಊಟದ ವ್ಯವಸ್ಥೆ ಇರುತ್ತದೆ’ ಎಂದು ಆಮಂತ್ರಣ ಹೊರಟಿತು.

ಆ ದಿನ ಜೀಪುಗಳು ಸಾಲಾಗಿ ಗುಡ್ಡ ಹತ್ತಿದವು. ಬಂಡೆಯ ಮೇಲೆ ಜಮಖಾನ ಹಾಸಿ ಗುಂಡಯ್ಯನನ್ನೂ ಗೌಡರನ್ನೂ ಎದುರುಬದುರು ಕೂರಿಸಿದರು. ಆಗ ಬೆಳೆಗಾರರಲ್ಲಿ ಒಂದು ಚರ್ಚೆ ಹುಟ್ಟಿತು. ಬರೀ ಎದುರಿಗೆ ಕೂತರೆ ಕಸಿ ಹಿಡಿಯುವುದು ಹೇಗೆ? ಬುಡಕ್ಕೂ ಕುಡಿಗೂ ಕಟ್ಟು ಬೀಳಬೇಕು. ಪಂಡಿತರು, ಇದು ಶಾಸ್ತ್ರದಲ್ಲಿ ಎಲ್ಲೂ ಇಲ್ಲ ಎಂದರು. “ಶಾಸ್ತ್ರದೋರು ಕಾಫಿ ಕಸಿ ಕಟ್ಟಿದ್ರಾ?” ಎಂದು ಒಬ್ಬರು ಕೇಳಿದರು. ಕೊನೆಗೆ ನರ್ಸರಿಯಿಂದ ತಂದ ಪ್ಲಾಸ್ಟಿಕ್ ಪಟ್ಟಿಯಲ್ಲಿ ಗುರುವಿನ ಬಲಗೈ ಹೆಬ್ಬೆರಳನ್ನೂ ಶಿಷ್ಯನ ಎಡಗೈ ಹೆಬ್ಬೆರಳನ್ನೂ ಸೇರಿಸಿ ಬಿಗಿಯಾಗಿ ಸುತ್ತಿ, ನೀರು ಇಳಿಯದಂತೆ ಮೇಲೆ ಮೇಣ ಸವರಲಾಯಿತು.

ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ಉಪದೇಶ ಆರಂಭವಾಯಿತು, ಅಂದರೆ ಎಲ್ಲರೂ ಸುಮ್ಮನಾದರು.

ಗುಂಡಯ್ಯ ಸಾಹೇಬರನ್ನೇ ನೋಡುತ್ತಿದ್ದ. ಇವರು ಹೊರಗಿನವರು. ಬಸಮ್ಮನ ಹೋಟೆಲಿನ ಪ್ರಕಟಣೆ ಓದಿದವರಲ್ಲ. ಇವರ ಕಿವಿ ಇನ್ನೂ ಸರ್ಕಾರದ ಕಿವಿ. ಇವರೊಬ್ಬರು ‘ಏನದು?’ ಎಂದು ಕೇಳಿಬಿಟ್ಟರೆ ಸಾಕು, ತನ್ನ ನಾಲಿಗೆ ತನಗೆ ವಾಪಸ್ಸು. ಬರೀ ಮಾತಾಡಿದರೆ ಸಾಲದು, ಮಾತಾಡುವುದಕ್ಕೆ ಪರಂಪರೆಯಲ್ಲೇ ಒಂದು ಅಪ್ಪಣೆ ಇತ್ತು ಎಂದು ತೋರಿಸಬೇಕು. ಅವನು ಉಸಿರು ಎಳೆದುಕೊಂಡ.

“ಸಾಹೇಬ್ರೇ, ಒಂದು ವಿಷ್ಯ ನಾನು ಯಾರಿಗೂ ಹೇಳಿಲ್ಲ. ಅಜ್ಜಯ್ಯ ಹೊರಡೋ ದಿನ ಬಾಯಿ ಬಿಟ್ರು. ಬಿಟ್ಟೇಟಿಗೆ ಒಳಗಿಂದ ಒಂದು ಕಣಜದ ಹುಳ ಹಾರೋಯ್ತು. ಆಮೇಲೊಂದು. ಆಮೇಲೆ ಗುಂಪಿಗೆ ಗುಂಪೇ! ಅಷ್ಟು ವರ್ಷ ಬಾಯಿ ಮುಚ್ಕೊಂಡಿದ್ರಲ್ಲ, ಮೂಗಿನ ದಾರೀಲಿ ಹೋಗಿ ಗೂಡು ಕಟ್ಬುಟ್ಟಿದ್ವು. ಗೂಡು ಉಗುಳಿ ಅಜ್ಜಯ್ಯ ಹೇಳಿದ್ರು: ‘ಗುಂಡಾ, ನಾನು ಆಡ್ದೆ ಉಳಿಸಿಟ್ಟ ಮಾತು ಬೆಟ್ಟದಷ್ಟೈತೆ. ಅಷ್ಟನ್ನೂ ನಿಂಗೆ ಬಿಟ್ಟೋಗ್ತಾ ಇದೀನಿ. ನೀನು ಆಡಿ ಮುಗ್ಸು.’ ಅದಕ್ಕೇ ನಾನು ಮಾತಾಡೋದು ಸಾಹೇಬ್ರೇ! ನನ್ನ ಚಟಕ್ಕಲ್ಲ, ಗುರುವಿನ ಸಾಲ ತೀರ್ಸಕ್ಕೆ!”

ಇಂಥ ಕತೆ ಅವನು ತನ್ನ ಬಾಳಿನಲ್ಲಿ ಕಟ್ಟಿರಲಿಲ್ಲ. ತನಗೇ ಮೈ ಜುಮ್ಮೆಂದಿತು.

ಸಾಹೇಬರ ತುಟಿ ಸ್ವಲ್ಪ ಅಲುಗಾಡಿತು. ಅವರು ಗೌಡರ ಕಡೆ ನೋಡಿದರು. ಗೌಡರು ಕಣ್ಣು ಮುಚ್ಚಿ ಆನಂದದಲ್ಲಿದ್ದರು. ಪಂಡಿತರ ಕಡೆ ನೋಡಿದರು, ಪಂಡಿತರು ಕೈಮುಗಿದಿದ್ದರು. ಬಂಡೆಯ ಆಚೆ ಪಾತ್ರೆಯ ಮುಚ್ಚಳ ತೆಗೆದು ಒಗ್ಗರಣೆ ಹಾಕುತ್ತಿದ್ದರು, ಗಾಳಿ ಈ ಕಡೆಗೇ ಬೀಸುತ್ತಿತ್ತು.

“ಎಂಥಾ ಮೌನ ಕಣ್ರೀ,” ಎಂದರು ಸಾಹೇಬರು. “ನಮ್ಮ ಹಾಸನದಲ್ಲಿ ದುಡ್ಡು ಕೊಟ್ಟರೂ ಇಂಥ ಮೌನ ಸಿಗಲ್ಲ.”

ಪರಂಪರೆ ಅವಿಚ್ಛಿನ್ನವಾಗಿ ಮುಂದುವರಿದಿದೆ ಎಂದು ಸ್ಥಳದಲ್ಲೇ ಷರಾ ಬರೆಯಲಾಯಿತು. ಮೇಣ ಒಣಗಿದ್ದರಿಂದ ಹೆಬ್ಬೆರಳು ಬಿಡಿಸಲು ಕುಡುಗೋಲು ತರಿಸಬೇಕಾಯಿತು. ಅಷ್ಟರಲ್ಲಿ ಎಲೆ ಹಾಕಿಯಾಗಿತ್ತು.

ಬೇಲಿ ನೆತ್ತಿಗೆ ಹತ್ತಿತು. ‘ಗುರುಪೀಠಕ್ಕೆ ಸೇರಿದ ಜಾಗ, ಅಪ್ಪಣೆ ಇಲ್ಲದೆ ಪ್ರವೇಶವಿಲ್ಲ’ ಎಂದು ಬೋರ್ಡು ಬಿತ್ತು. ಗುಂಡಯ್ಯ ಓಡಿ ಹೋಗಿ ಮಂಜುನಾಥನನ್ನು ಹಿಡಿದು, “ನಂದಾಯ್ತಲ್ಲಪ್ಪಾ, ಇನ್ನು ನಾನು ಮಾತಾಡ್ಬೋದಾ?” ಎಂದ. ಮಂಜುನಾಥನಿಗೆ ಏನೂ ಕೇಳಿಸಲಿಲ್ಲ. ಆದರೆ ಹೊಸ ಪ್ರಕಟಣೆಯಲ್ಲಿ ಉತ್ತರವಿತ್ತು: ಶಿಷ್ಯರು ಗುರುಗಳಾಗಿದ್ದರಿಂದ ಗುಂಡಯ್ಯನವರು ಪರಮಗುರುಗಳಾಗಿದ್ದಾರೆ. ಪರಮಗುರುಗಳ ಮೌನ ಇನ್ನೂ ಗಟ್ಟಿಯಾದದ್ದು.

ಗೌಡರ ಮೌನವೂ ಕಡಿಮೆಯದಾಗಿರಲಿಲ್ಲ. ಮಾರನೆಯ ದಿನ ಅವರು ತೋಟಕ್ಕೆ ಹೋಗಿ, ಹಣ್ಣು ಕೀಳದೆ ಎಲೆ ಅಡಿಕೆ ಹಾಕುತ್ತಾ ಕೂತ ಆಳುಗಳನ್ನು ಕಂಡು ಬಾಯಿಗೆ ಬಂದಂತೆ ಬೈದರು. ಆಳುಗಳು ಎದ್ದು ನಿಂತು ಕೈಮುಗಿದರು. “ಗುರುಗಳು ಎಷ್ಟು ಶಾಂತವಾಗಿದಾರೆ ನೋಡ್ರೇ,” ಎಂದಳು ಒಬ್ಬಳು. ಇನ್ನೊಬ್ಬಳು ಮತ್ತೊಂದು ಎಲೆಗೆ ಸುಣ್ಣ ಹಚ್ಚಿದಳು. ಗೌಡರು ಆಳುಗಳು ವಾಸವಿದ್ದ ಲೈನ್ ಮನೆಗಳ ಮುಂದೆ ನಿಂತು ಕೂಗಿದರು. ಇಡೀ ಲೈನು ಜ್ಞಾನಿಗಳಾಗಿತ್ತು. ಒಂದು ವಾರ ಕಿರುಚಿ ಗಂಟಲು ಕೂತ ಮೇಲೆ ಅವರು ನಿಜವಾಗಿಯೇ ಮೌನಿಯಾದರು. ಆ ವರ್ಷ ಹಣ್ಣು ಗಿಡದಲ್ಲೇ ಒಣಗಿತು. ಆದರೆ ಗುಡ್ಡ ಸಿಕ್ಕಿತಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಸಮಿತಿಯ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರ ಭಾಷಣ ಬಹಳ ಚೆನ್ನಾಗಿತ್ತು, ಯಾರಿಗೂ ಏನೂ ಕೇಳಿಸಲಿಲ್ಲ.

ಗುಂಡಯ್ಯ ಹೋಟೆಲಿಗೆ ಹೋಗುವುದನ್ನು ಬಿಟ್ಟ. ಗಿಡ್ಡಯ್ಯ ಈಗ ಕಣಜದ ಗೂಡಿನ ಕತೆಯನ್ನೂ ಶುರು ಮಾಡಿದ್ದನಂತೆ. ಹೊತ್ತು ಹೋಗದೆ ಒಂದು ಮಧ್ಯಾಹ್ನ ಗುಡ್ಡ ಹತ್ತಿ ಬಂಡೆಯ ಮೇಲೆ ಕೂತು, ಗಾಳಿಗೆ, ಬೇಲಿಗೆ, ಬೋರ್ಡಿಗೆ ಕತೆ ಹೇಳತೊಡಗಿದ. ಅಜ್ಜಯ್ಯ ವರ್ಷಗಟ್ಟಲೆ ಕೂತದ್ದು, ಗಡ್ಡ ಇಳಿಬಿದ್ದದ್ದು, ಹುಲಿ ಮಲಗಿದ್ದು.

“ಹೂಂ,” ಎಂದಿತು ಯಾರದೋ ಧ್ವನಿ.

ಗುಂಡಯ್ಯ ಬೆಚ್ಚಿಬಿದ್ದ. ಬಂಡೆಯ ಕೆಳಗೆ ಒಬ್ಬಳು ಮುದುಕಿ ಬೇಲಿ ನುಸುಳಿ ಬಂದು ಹುಲ್ಲು ಕೊಯ್ಯುತ್ತಿದ್ದಳು. ಅವನಷ್ಟೇ ವಯಸ್ಸಾಗಿತ್ತು.

“ನಿಂಗೆ… ನಿಂಗೆ ಕೇಳ್ಸ್ತೈತಾ?”

“ಕೇಳ್ಸದೆ ಏನು, ನಾನೇನು ಕಿವುಡಿನಾ? ಆಲೂರ್ ಕಡೆಯಿಂದ ಮಗಳ ಮನೆಗೆ ಬಂದಿದೀನಿ. ಈ ಊರಿನೋರ್ಗೆ ಏನಾಗೈತೋ, ನೀನು ಬಾಯಿ ಬಿಟ್ರೆ ಆಕಾಶ ನೋಡ್ತಾರೆ. ಹೇಳು, ಹುಲಿ ಮಲ್ಗಿತು. ಆಮೇಲೆ?”

‘ಆಮೇಲೆ?’ ಎಂಬ ಶಬ್ದ ಕೇಳಿ ಗುಂಡಯ್ಯನ ಕಣ್ಣು ಮಂಜಾಯಿತು. ಅವನು ಬಂಡೆಯಿಂದ ಇಳಿದು ಅವಳ ಪಕ್ಕ ಕೂತು, ಒಂದೂ ಬಿಡದೆ ಹೇಳಿದ. ಸಮಸ್ತ ವೇದಾಂತ, ಕಣಜ, ಉಳಿಸಿಟ್ಟ ಮಾತು. ಮುದುಕಿ ಹುಲ್ಲಿನ ಹೊರೆ ಕಟ್ಟುತ್ತಾ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಅವನ ಮುಖವನ್ನು ನೆಟ್ಟಗೆ ನೋಡಿದಳು.

“ನನ್ನ ಗುರ್ತು ಸಿಗ್ಲಿಲ್ವಾ ಗುಂಡ? ನಾನು ಭೂತಮ್ಮ ಕಣೋ. ಚಿಕ್ಕೋರಿದ್ದಾಗ ಈ ಬಂಡೆ ಮೇಲೆ ದಿನಾ ಕೂರ್ತಿದ್ದೋಳು ನಾನು, ದನ ಮೇಯಿಸ್ತಾ. ನೀನೂ ದನ ಹೊಡ್ಕೊಂಡು ಬರ್ತಿದ್ದೆ. ಎದುರಿಗೆ ಕೂತ್ಕೊಂಡ್ರೆ ದನ ಮನೆಗೆ ತಿರುಗೋ ಹೊತ್ತಿನವರ್ಗೂ ನಿಂದೇ ಮಾತು. ನಾನು ಬಾಯಿ ತೆಗೆಯಕ್ಕೆ ಒಂದಿನಾ ಸಂದು ಬಿಟ್ಟಿದ್ದೀಯಾ? ಲಗ್ನ ಗೊತ್ತಾಗೈತೆ, ನಾಳೆಯಿಂದ ಬರಲ್ಲ ಅಂತ ಹೇಳಕ್ಕೂ ಆಗ್ಲಿಲ್ಲ, ಹಂಗೇ ಹೋದೆ. ಅಜ್ಜಯ್ಯನೂ ಇರ್ಲಿಲ್ಲ, ಗಿಜ್ಜಯ್ಯನೂ ಇರ್ಲಿಲ್ಲ. ಇಲ್ಲಿ ಮಾತಾಡ್ದೆ ಕೂತಿದ್ದೋಳು ನಾನೊಬ್ಳೇ.”

ಗುಂಡಯ್ಯ ಅವಳನ್ನು ನೋಡಿದ, ಬಂಡೆಯನ್ನು ನೋಡಿದ. ಹೆಗಲ ಮೇಲಿದ್ದ ಶಾಲನ್ನು ತೆಗೆದು ಒಂದು ಸಲ ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡ.

“ಇದ್ರೂ ಇರ್ಬೋದು ಬುಡು,” ಎಂದ. “ಈಗ ಮುಂದಿಂದು ಕೇಳು.”